ಗೈಡ್ ಬ್ಯಾಡ್ಜ್ ಹಾಕಿಕೊಂಡು ವಿಮಾನ ಹತ್ತಬಹುದೇ?

ಓದುಗರ ಪ್ರಶ್ನೆ, ಅನುಭವಿಯ ಉತ್ತರ

(ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರವಾಸಿ ಗೈಡ್‌ಗಳದ್ದು. ಉತ್ತರಿಸುತ್ತಿರುವವರು ಮೈಸೂರಿನಲ್ಲಿ ಜರ್ಮನ್ ಗೈಡ್ ಆಗಿ ಶುರುಮಾಡಿ, ದುಬೈನ ಟೂರ್ ಕಂಪನಿಯೊಂದರಲ್ಲಿ ದುಡಿದು, ಆಮೇಲೆ ಕನ್ನಡಿಗರ ಗುಂಪುಗಳನ್ನು ಯುರೋಪಿಗೆ ಕರೆದೊಯ್ಯುತ್ತಿದ್ದವರು. – ಸಂ.)

ಪ್ರಶ್ನೆ: ಸರ್, ನನಗೆ 38 ವರ್ಷ. ಹಂಪಿಯಲ್ಲಿ 14 ವರ್ಷದಿಂದ ಗೈಡ್. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಬರುತ್ತವೆ. ಜರ್ಮನ್ ಚೆನ್ನಾಗಿ ಮಾತಾಡುತ್ತೇನೆ, ಬಿ1 ಸರ್ಟಿಫಿಕೇಟ್ ಇದೆ. ಫ್ರೆಂಚ್ ಸುಮಾರು. ಬಿ.ಎ. ಆಗಿದೆ. ಆರು ತಿಂಗಳು ಸೀಸನ್, ಉಳಿದ ಆರು ತಿಂಗಳು ಸಾಲ. ಬೆಂಗಳೂರಿನ ಏಜೆಂಟ್ ಒಬ್ಬರು "ದುಬೈ ಗೈಡ್ ವೀಸಾ ಕೊಡಿಸ್ತೀನಿ, 1.80 ಲಕ್ಷ ಆಗುತ್ತೆ, ಮೊದಲು ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಶುರುಮಾಡಿ, ಆಮೇಲೆ ಬದಲಾಯಿಸೋಣ" ಅನ್ನುತ್ತಿದ್ದಾರೆ. ಹೆಂಡತಿ ಒಡವೆ ಅಡವಿಡೋಕೆ ಒಪ್ಪಿದ್ದಾಳೆ. ಯುರೋಪ್ ಆದರೂ ಸರಿ. ನನ್ನಂಥವನಿಗೆ ಹೊರದೇಶದಲ್ಲಿ ದಾರಿ ಇದೆಯೇ?
– ಹೆಸರು ಬೇಡ, ಹೊಸಪೇಟೆ

ಉತ್ತರ: ಮೊದಲು ಒಡವೆಯ ಮಾತು. ಅದು ಬೀರುವಿನಲ್ಲೇ ಇರಲಿ.

ನಿಮ್ಮ ಏಜೆಂಟ್ ಹೇಳಿದ ಮೂರು ಮಾತಿನಲ್ಲಿ ಮೂರೂ ಸುಳ್ಳು. ಏಜೆಂಟ್ ಜೇಬಿನಿಂದ ತೆಗೆದು ಕೊಡುವಂಥ "ಗೈಡ್ ವೀಸಾ" ಇಲ್ಲ. ಕೆಲಸದ ವೀಸಾ ಮಾಡಿಸುವುದು ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿ. ಗೈಡ್ ಪರವಾನಗಿ ಕೊಡುವುದು ದುಬೈನ ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆ, ಅದೂ ತರಬೇತಿ ಮುಗಿಸಿ ಪರೀಕ್ಷೆ ಪಾಸಾದ ಮೇಲೆ. ಎರಡನೆಯದು ದುಡ್ಡು. ನಮ್ಮ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ, ರಸೀದಿ ಸಮೇತ. ಅತ್ತ ಯುಎಇಯ 2021ರ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟುವ ಹಾಗಿಲ್ಲ ಅನ್ನುತ್ತದೆ. ಹಾಗಾದರೆ 1.80 ಲಕ್ಷ ಯಾವುದಕ್ಕೆ? ಕೇಳಿ ನೋಡಿ, "ಪ್ರೊಸೆಸಿಂಗ್" ಅನ್ನುತ್ತಾರೆ.

ಮೂರನೆಯದು ವಿಸಿಟ್ ವೀಸಾ. ಅದರಲ್ಲಿ ಹೋಗಿ ನಾಲ್ಕು ಕಂಪನಿಗೆ ಮುಖ ತೋರಿಸಿ ಬರುವುದು ಬೇರೆ, ಕೆಲಸಕ್ಕೆ ನಿಲ್ಲುವುದು ಬೇರೆ. ಪರ್ಮಿಟ್ ಇಲ್ಲದವರಿಗೆ ಕೆಲಸ ಕೊಟ್ಟ ಕಂಪನಿಗೆ 2024ರ ತಿದ್ದುಪಡಿಯ ನಂತರ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡವಿದೆ. ಇಷ್ಟಿದ್ದೂ ನಿಮ್ಮನ್ನು ಇಟ್ಟುಕೊಳ್ಳುತ್ತೇನೆ ಅನ್ನುವವನು, ಸಿಕ್ಕಿಬಿದ್ದ ದಿನ "ಈತ ಯಾರೋ ಗೊತ್ತಿಲ್ಲ" ಅನ್ನುವುದಕ್ಕೂ ತಯಾರಾಗಿಯೇ ಇರುತ್ತಾನೆ. ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿ. ನೀವು ಎಸ್ಸೆಸ್ಸೆಲ್ಸಿ ದಾಟಿದವರಾದ್ದರಿಂದ ನಿಮಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದಿಂದ ಪಡೆಯುವ ಅನುಮತಿ, ಬೇಕಿಲ್ಲ. ಕೇಳುವುದಕ್ಕೆ ಅದು ಅನುಕೂಲ. ಆದರೆ ಕೂಲಿ ಕೆಲಸಕ್ಕೆ ಹೋಗುವವರ ಕಾಗದವನ್ನು ಸರ್ಕಾರಿ ಕಚೇರಿಯಲ್ಲಿ ಒಬ್ಬರಾದರೂ ತಿರುವಿ ನೋಡುತ್ತಾರೆ, ನಿಮ್ಮದನ್ನು ಯಾರೂ ನೋಡುವುದಿಲ್ಲ. ಓದಿದವರೇ ಈ ಬಲೆಗೆ ಸುಲಭವಾಗಿ ಬೀಳುವುದು ಅದಕ್ಕೇ.

ಇನ್ನು ನಿಮ್ಮ ಅಸಲು ಪ್ರಶ್ನೆ.

ಗೈಡ್ ಕೆಲಸಕ್ಕೆ ಒಂದು ವಿಚಿತ್ರ ಗುಣವಿದೆ. ಅಡುಗೆಯವರು, ನರ್ಸು, ವೆಲ್ಡರ್ ತಮ್ಮ ಕಸುಬನ್ನು ಹಾಗೇ ಹೊತ್ತುಕೊಂಡು ಹೋಗಬಹುದು. ನಮ್ಮ ಕಸುಬು ನೆಲಕ್ಕೆ ಅಂಟಿಕೊಂಡದ್ದು. ಮಹಾನವಮಿ ದಿಬ್ಬದ ಪಟ್ಟಿಕೆಗಳ ಬಗ್ಗೆ ನೀವು ಒಂದು ಗಂಟೆ ಮಾತಾಡಬಲ್ಲಿರಿ, ದುಬೈನಲ್ಲಿ ಅದನ್ನು ಕೇಳುವವರಿಲ್ಲ. ಅದಕ್ಕಿಂತ ಮುಖ್ಯ, ಅನೇಕ ದೇಶಗಳು ಗೈಡ್ ಕೆಲಸವನ್ನು ತಮ್ಮವರಿಗೆ ಕಾದಿಟ್ಟಿವೆ. ಟರ್ಕಿಯಲ್ಲಿ ಗೈಡ್ ಆಗಲು ಆ ದೇಶದ ಪ್ರಜೆಯಾಗಿರಬೇಕು. ಈಜಿಪ್ಟ್‌ನಲ್ಲೂ ಅದೇ. ಥಾಯ್ಲೆಂಡಿನಲ್ಲಿ ವಿದೇಶಿಯರಿಗೆ ನಿಷಿದ್ಧವಾದ ಉದ್ಯೋಗಗಳ ಪಟ್ಟಿಯಲ್ಲೇ ಟೂರ್ ಗೈಡ್ ಇದೆ. ಇಟಲಿ, ಗ್ರೀಸ್, ಫ್ರಾನ್ಸ್, ಆಸ್ಟ್ರಿಯಾಗಳಲ್ಲಿ ಪರವಾನಗಿ ಬೇಕು, ಅದರ ಹಿಂದೆ ಅಲ್ಲಿನ ಭಾಷೆಯಲ್ಲೇ ಓದು, ಪರೀಕ್ಷೆ. ಇದನ್ನು ಕಂಡು ನಾವು ಸಿಟ್ಟಾಗುವ ಹಾಗಿಲ್ಲ. ಬರ್ಲಿನ್‌ನಿಂದ ಬಂದವನೊಬ್ಬ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತು ದುಡ್ಡು ತೆಗೆದುಕೊಂಡು ವಿವರಣೆ ಕೊಟ್ಟರೆ ನೀವು ಸುಮ್ಮನಿರುತ್ತೀರಾ?

ಹಾಗಾಗಿ "ವಿದೇಶದಲ್ಲಿ ಗೈಡ್ ಕೆಲಸ" ಎಂದು ಹುಡುಕುವುದನ್ನು ನಿಲ್ಲಿಸಿ. ಹದಿನಾಲ್ಕು ವರ್ಷದಲ್ಲಿ ನೀವು ಗಳಿಸಿದ್ದರಲ್ಲಿ ಗಡಿ ದಾಟುವುದು ಏನು ಎಂದು ನೋಡಿ. ಜನರನ್ನು ಸಂಭಾಳಿಸುವುದು ದಾಟುತ್ತದೆ. ಜರ್ಮನ್ ದಾಟುತ್ತದೆ. ಬಿಸಿಲಿನಲ್ಲಿ ತಲೆ ಸುತ್ತಿದ ಅಜ್ಜಿಯನ್ನು ನೆರಳಿಗೆ ಕೂರಿಸಿ, ಉಳಿದ ಇಪ್ಪತ್ತು ಜನರ ಮೂಡ್ ಕೆಡದಂತೆ ನೋಡಿಕೊಳ್ಳುವುದು ದಾಟುತ್ತದೆ. ಇವಕ್ಕೆ ಸಂಬಳ ಕೊಡುವ ಹುದ್ದೆಗಳಿವೆ. ಟೂರ್ ಮ್ಯಾನೇಜರ್, ಹೊರಗಿನಿಂದ ಬರುವ ಪ್ರವಾಸಿಗರನ್ನು ನೋಡಿಕೊಳ್ಳುವ (ಇನ್‌ಬೌಂಡ್) ಕಂಪನಿಯ ಆಪರೇಷನ್ಸ್, ಜರ್ಮನ್ ಮಾರುಕಟ್ಟೆಯ ರಿಸರ್ವೇಷನ್ಸ್, ಕ್ರೂಸ್ ಹಡಗಿನ ಪ್ರವಾಸ ವಿಭಾಗ.

ದುಬೈ ಇದರಲ್ಲಿ ಅಪವಾದದ ಊರು. ಅಲ್ಲಿ ವಿದೇಶಿಯರೂ ಗೈಡ್ ಆಗಬಹುದು, ನಾನೂ ಆಗಿದ್ದೆ. ಜರ್ಮನ್ ಪ್ರವಾಸಿಗರು ಚಳಿಗಾಲದಲ್ಲಿ ಅಲ್ಲಿಗೆ ಹಿಂಡುಹಿಂಡಾಗಿ ಬರುತ್ತಾರೆ, ಜರ್ಮನ್ ಮಾತಾಡುವವರಿಗೆ ಬೇಡಿಕೆ ಇದೆ. ಆದರೆ ಕಂಪನಿ ಕೇಳುವ ಜರ್ಮನ್‌ಗೂ ನಿಮ್ಮ ಜರ್ಮನ್‌ಗೂ ಅಂತರವಿರಬಹುದು. ನಮ್ಮದು ಬಾಯಿ ಜರ್ಮನ್. ಹಂಪಿ ಬಜಾರಿನಲ್ಲಿ ಚಹಾ ಕುಡಿಯುತ್ತ ಕಲಿತದ್ದು. ಮಾತು ಸರಾಗ, ಬರವಣಿಗೆಗೆ ಕೂತರೆ ಬೆವರು. ಬೆಂಗಳೂರಿನ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಬಿ2, ಅಂದರೆ ನಿಮ್ಮ ಬಿ1ಗಿಂತ ಒಂದು ಮೆಟ್ಟಿಲು ಮೇಲಿನ ಪರೀಕ್ಷೆ ಬರೆಯಿರಿ. ಓದು, ಕೇಳು, ಬರೆ, ಮಾತಾಡು ಎಂಬ ನಾಲ್ಕು ಭಾಗಗಳಿವೆ, ಪ್ರತಿಯೊಂದರಲ್ಲೂ ನೂರಕ್ಕೆ 60 ಬರಬೇಕು. ಭಾಗಗಳನ್ನು ಬೇರೆಬೇರೆಯಾಗಿ ಕೂಡ ಬರೆಯಬಹುದು. ಮಾತಾಡುವುದನ್ನು ನೀವು ಈಗಲೇ ದಾಟುತ್ತೀರಿ, ಬರವಣಿಗೆಗೆ ಒಂದು ಮಳೆಗಾಲ ಮೀಸಲಿಡಿ. ಆ 1.80 ಲಕ್ಷದಲ್ಲಿ ಸಣ್ಣ ಪಾಲು ಇದಕ್ಕೆ ಸಾಕು. ಫ್ರೆಂಚ್ ಅನ್ನು ಸದ್ಯಕ್ಕೆ ಬಿಡಿ. ಅರೆಬರೆ ಮೂರು ಭಾಷೆಗಿಂತ ಗಟ್ಟಿಯಾದ ಒಂದು ಭಾಷೆಗೆ ಹೆಚ್ಚು ಸಂಬಳ.

ಆಫರ್ ಲೆಟರ್ ಬಂದರೆ "ಒಟ್ಟು ಸಂಬಳ" ನೋಡಿ ಹಿಗ್ಗಬೇಡಿ. ಬೇಸಿಕ್ ಎಷ್ಟು, ಅಲವೆನ್ಸ್ ಎಷ್ಟು ಅಂತ ಬಿಡಿಸಿ ಕೇಳಿ. ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಲೆಕ್ಕವಾಗುವುದು ಬೇಸಿಕ್ ಮೇಲೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ನಾನಿದ್ದ ಕಂಪನಿ ಬೇಸಿಕ್ ಅನ್ನು ಒಟ್ಟು ಸಂಬಳದ ಮೂರನೇ ಒಂದು ಪಾಲಿಗಿಂತ ಕೆಳಗಿಟ್ಟು, ಉಳಿದದ್ದನ್ನು "ಟ್ರಿಪ್ ಅಲವೆನ್ಸ್" ಅಂದಿತ್ತು. ಜೂನ್, ಜುಲೈ, ಆಗಸ್ಟ್‌ನಲ್ಲಿ ಟ್ರಿಪ್ಪೇ ಇರುವುದಿಲ್ಲ. ಬಿಸಿಲಿಗೆ ಬಸ್ಸಿನ ಕಿಟಕಿ ಗಾಜು ಕೂಡ ಮುಟ್ಟಲಾಗುವುದಿಲ್ಲ, ಇನ್ನು ಪ್ರವಾಸಿಗರು ಎಲ್ಲಿಂದ ಬರಬೇಕು. ಆ ಮೂರು ತಿಂಗಳು ನಮ್ಮಲ್ಲಿ ಹಲವರು ಬೇಸಿಕ್‌ನಲ್ಲೇ ಬಾಡಿಗೆ ಕಟ್ಟಿ ಕೂತಿರುತ್ತಿದ್ದೆವು. ಗಮನಿಸಿ, ಹಂಪಿ ಸೀಸನ್ ಮತ್ತು ದುಬೈ ಸೀಸನ್ ಎರಡೂ ಅಕ್ಟೋಬರ್‌ನಿಂದ ಮಾರ್ಚ್. ಆಫ್ ಸೀಸನ್‌ನ ಸಾಲಕ್ಕೆ ದುಬೈ ಮದ್ದಲ್ಲ.

ಆದರೂ ಹೋದಿರಿ ಅನ್ನಿ, ಮೊದಲ ವರ್ಷ ವಿದ್ಯಾರ್ಥಿಯಾಗಿರಲು ಸಿದ್ಧರಾಗಿ. ಬುರ್ಜ್ ಖಲೀಫಾ 828 ಮೀಟರ್ ಎಂದು ಹೇಳಲು ಗೈಡ್ ಬೇಡ, ಎಲ್ಲರ ಫೋನೂ ಹೇಳುತ್ತದೆ. ಜರ್ಮನ್ನರ ಎರಡನೇ ಪ್ರಶ್ನೆ ಬೇರೆಯೇ ಇರುತ್ತದೆ. "ಎಣ್ಣೆ ಸಿಗುವ ಮೊದಲು ಇವರು ಹೇಗೆ ಬದುಕುತ್ತಿದ್ದರು? ಇದನ್ನೆಲ್ಲ ಕಟ್ಟಿದವರು ಎಲ್ಲಿ ವಾಸಿಸುತ್ತಾರೆ?" ದುಬೈನಲ್ಲಿ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದಕ್ಕೆ ಮುಂಚೆ ಮುತ್ತು, ಮೀನು, ವ್ಯಾಪಾರ. ನನ್ನ ಕೈಹಿಡಿದದ್ದು ರೂಪಾಯಿ ಕಥೆ. ಆ ಕರಾವಳಿಯಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ಬಣ್ಣದ "ಗಲ್ಫ್ ರೂಪಾಯಿ" ಅಚ್ಚು ಹಾಕಿಸಿತು. 1966ರಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ಅವರು ಅದನ್ನು ಬಿಟ್ಟರು. ಖಾರಿಯಲ್ಲಿ ಅಬ್ರಾ ದೋಣಿ ಹತ್ತಿಸಿ, ಒಂದು ದಿರ್ಹಂ ನಾಣ್ಯ ದೋಣಿಯವನ ಕೈಗಿಡುವ ಹೊತ್ತಿಗೆ ಈ ಕಥೆ ಶುರುಮಾಡಿದರೆ, ಆಚೆ ದಡ ತಲುಪುವಷ್ಟರಲ್ಲಿ ಮುಗಿಯುತ್ತಿತ್ತು. "ನೀವು ಭಾರತದವರು, ಇಲ್ಲಿನ ಕಥೆ ನಿಮಗೇನು ಗೊತ್ತು" ಅನ್ನುವ ಮುಖಗಳು ಆಮೇಲೆ ಇರುತ್ತಿರಲಿಲ್ಲ. ಅಬುಧಾಬಿಯ ಶೇಖ್ ಝಾಯೆದ್ ಮಸೀದಿಯಲ್ಲಿ ಮಾತ್ರ ನಿಮ್ಮ ವಿದ್ಯೆ ಪೂರ್ತಿ ತೋರಿಸಲು ಹೋಗಬೇಡಿ. ಅವರದೇ ಮಾರ್ಗದರ್ಶಕರಿದ್ದಾರೆ, ಅವರು ಸೊಗಸಾಗಿ ಹೇಳುತ್ತಾರೆ.

ಯುರೋಪಿನಲ್ಲಿ ನೆಲೆಸಿ ಕೆಲಸ ಮಾಡುವುದು ಇನ್ನೂ ದೂರದ ಹಾದಿ. ಜರ್ಮನಿಯಲ್ಲಿ ಗೈಡ್ ಕೆಲಸಕ್ಕೆ ಸರ್ಕಾರಿ ಪರವಾನಗಿ ಬೇಕಿಲ್ಲ, ಯಾರು ಬೇಕಾದರೂ ಮಾಡಬಹುದು. ಬಾಗಿಲು ಮುಚ್ಚುವುದು ವೀಸಾದಲ್ಲಿ. 2024ರ ಜೂನ್‌ನಿಂದ "ಶಾನ್ಸೆನ್‌ಕಾರ್ಟೆ" ಅನ್ನುವ ಕೆಲಸ ಹುಡುಕುವ ಅನುಮತಿ ಕೊಡುತ್ತಿದ್ದಾರೆ: ಅಲ್ಲಿ ಮಾನ್ಯವಾಗುವ ಪದವಿ, ಭಾಷೆ, ಅನುಭವ, ವಯಸ್ಸು ಇವಕ್ಕೆಲ್ಲ ಅಂಕ, ಕನಿಷ್ಠ 6 ಅಂಕ. ಒಂದು ವರ್ಷ ಇದ್ದು ಹುಡುಕಬಹುದು, ವಾರಕ್ಕೆ 20 ಗಂಟೆ ಕೆಲಸವನ್ನೂ ಮಾಡಬಹುದು. ಆದರೆ ತಿಂಗಳಿಗೆ ಸಾವಿರ ಯೂರೊಗೂ ಮೇಲ್ಪಟ್ಟ ಲೆಕ್ಕದಲ್ಲಿ ಇಡೀ ವರ್ಷದ ಖರ್ಚು ನಿಮ್ಮ ಬಳಿ ಇದೆ ಎಂದು ತೋರಿಸಬೇಕು. ಅಡವಿಟ್ಟ ಒಡವೆಯಲ್ಲಿ ಇದಾಗದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಹೇಳಲಾ? ಏಪ್ರಿಲ್–ಮೇ. ಹಂಪಿಯಲ್ಲಿ ಬಂಡೆ ಕಾದು ನಿಲ್ಲಲಾಗದ ಹೊತ್ತು. ಅದೇ ಹೊತ್ತಿಗೆ ನಮ್ಮ ಮಕ್ಕಳಿಗೆ ಬೇಸಿಗೆ ರಜೆ, ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಕುಟುಂಬಗಳು ಗುಂಪು ಕಟ್ಟಿಕೊಂಡು ಯುರೋಪಿಗೆ ಹೊರಡುವ ಹೊತ್ತು. ಬೆಂಗಳೂರು, ಮುಂಬಯಿಯ ಟೂರ್ ಕಂಪನಿಗಳಿಗೆ ಆಗ ಟೂರ್ ಮ್ಯಾನೇಜರ್‌ಗಳು ಸಾಲುವುದಿಲ್ಲ. ಸಂಬಳ ರೂಪಾಯಿಯಲ್ಲಿ, ದಿನಭತ್ಯೆ ಯೂರೊದಲ್ಲಿ, ವೀಸಾ ಕಂಪನಿಯ ಜವಾಬ್ದಾರಿ. ಜೂನ್ ಮುಗಿಯುವಷ್ಟರಲ್ಲಿ ಮನೆಗೆ ವಾಪಸು, ಅಕ್ಟೋಬರ್‌ಗೆ ಹಂಪಿ. ಕುಟುಂಬ ಕಿತ್ತುಕೊಂಡು ಹೋಗಬೇಕಿಲ್ಲ. ಮೊದಲು ಇದನ್ನು ಒಂದು ಬೇಸಿಗೆ ಮಾಡಿ ನೋಡಿ. ಒಗ್ಗಿದರೆ ಮುಂದಿನ ಮಾತು.

ಆದರೆ ಅದು ಗೈಡ್ ಕೆಲಸವಲ್ಲ ಎಂಬುದು ತಲೆಯಲ್ಲಿರಲಿ. ರೋಮ್‌ನಲ್ಲಿ ಕೊಲೋಸಿಯಂ ಒಳಗೆ ನೀವು ವಿವರಣೆ ಶುರುಮಾಡಿದರೆ ಅಲ್ಲಿನ ಲೈಸೆನ್ಸ್ ಗೈಡ್ ಬಂದು ಪೊಲೀಸರನ್ನು ಕರೆಯುತ್ತಾನೆ. ಅಲ್ಲಿ ನೀವು ಬಾಯಿ ಮುಚ್ಚಿಕೊಂಡು, ಟಿಕೆಟ್ ಮೇಲಿನ ಹೆಸರೂ ಪಾಸ್‌ಪೋರ್ಟ್ ಹೆಸರೂ ತಾಳೆಯಾಗುತ್ತದೆಯೇ ನೋಡುತ್ತಿರಬೇಕು. ವೆನಿಸ್‌ನಲ್ಲಿ 2024ರಿಂದ ಒಂದು ಗುಂಪಿಗೆ 25 ಜನ ಮಿತಿ, ಧ್ವನಿವರ್ಧಕ ನಿಷೇಧ. ನಲವತ್ತು ಜನರ ಬಸ್ ಇಳಿಸಿದರೆ ಎರಡು ಗುಂಪು, ಇಬ್ಬರು ಸ್ಥಳೀಯ ಗೈಡ್. ನಿಮ್ಮ ಅಸಲಿ ಪರೀಕ್ಷೆ ಇರುವುದು ಬಸ್ಸಿನಲ್ಲಿ. ಯುರೋಪಿನ ಕೋಚ್ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವ ಹಾಗಿಲ್ಲ, ರಾತ್ರಿ ವಿಶ್ರಾಂತಿಗೂ ಲೆಕ್ಕವಿದೆ. ಎಲ್ಲವೂ ಗಾಡಿಯ ಟ್ಯಾಕೋಗ್ರಾಫ್ ಯಂತ್ರದಲ್ಲಿ ದಾಖಲಾಗುತ್ತದೆ. ನಮ್ಮೂರ ಡ್ರೈವರ್‌ಗೆ ಹೇಳಿದ ಹಾಗೆ "ಅಣ್ಣಾ, ಇನ್ನೊಂದು ಅರ್ಧ ಗಂಟೆ" ಅನ್ನಲಾಗದು. ಲೂಸರ್ನ್‌ನ ಗಡಿಯಾರದ ಅಂಗಡಿಯಲ್ಲಿ ನಿಮ್ಮ ಗುಂಪಿನ ಮೂವರು ಕಾಣೆಯಾಗಿ ನಲವತ್ತು ನಿಮಿಷ ತಡವಾದರೆ, ರಾತ್ರಿ ಹೋಟೆಲ್ ತಲುಪುವ ಮುಂಚೆ ಡ್ರೈವರ್ ಗಾಡಿ ಪಕ್ಕಕ್ಕೆ ಹಾಕಿ ಕೀಲಿ ತೆಗೆದುಬಿಡುತ್ತಾನೆ. ಹಾಕಿದ್ದನ್ನು ಕಂಡಿದ್ದೇನೆ. ಬಸ್ಸಿನಲ್ಲಿ ಎಲ್ಲರೂ ಬೈದದ್ದು ಡ್ರೈವರ್‌ಗಲ್ಲ, ಕಾಣೆಯಾಗಿದ್ದ ಮೂವರಿಗೂ ಅಲ್ಲ, ಟೂರ್ ಮ್ಯಾನೇಜರ್‌ಗೆ.

ಮೊಸರನ್ನದ ವಿಷಯ ನಾನು ಹೇಳುವುದೇ ಬೇಡ. ಐದನೇ ದಿನ ಶುರುವಾಗುತ್ತದೆ.

ಪ್ರಶ್ನೆ: ಟೆಲಿಗ್ರಾಂ ಗುಂಪೊಂದರಲ್ಲಿ "ಬ್ಯಾಂಕಾಕ್‌ನಲ್ಲಿ ಬಹುಭಾಷಾ ಟೂರ್ ಗೈಡ್ ಬೇಕು, ತಿಂಗಳಿಗೆ 90 ಸಾವಿರ, ಟಿಕೆಟ್ ನಮ್ಮದೇ" ಎಂದು ಹಾಕಿದ್ದಾರೆ. ವಾಟ್ಸಾಪ್‌ನಲ್ಲೇ ಸಂದರ್ಶನ ಮಾಡಿ ಆಯ್ಕೆಯಾಯಿತು ಅಂದರು. ನನಗೆ ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳಂ ಬರುತ್ತದೆ. ಮುಂದಿನ ವಾರ ಹೊರಡಲು ಹೇಳಿದ್ದಾರೆ.
– 26ರ ಯುವಕ, ಮಂಗಳೂರು

ಉತ್ತರ: ಹೋಗಬೇಡಿ. ಈ ಉತ್ತರ ಅಚ್ಚಾಗುವ ಮುಂಚೆಯೇ ಪತ್ರಿಕೆಯವರು ನಿಮಗೆ ಫೋನ್ ಮಾಡಿ ತಿಳಿಸಿದ್ದಾರೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೇಲೆ ಹೇಳಿದೆನಲ್ಲ, ಥಾಯ್ಲೆಂಡಿನಲ್ಲಿ ವಿದೇಶಿಯರು ಟೂರ್ ಗೈಡ್ ಆಗುವಂತಿಲ್ಲ. ಕಾನೂನಿನಲ್ಲೇ ಇಲ್ಲದ ಕೆಲಸಕ್ಕೆ 90 ಸಾವಿರ ಸಂಬಳ ಎಲ್ಲಿಂದ? ಬ್ಯಾಂಕಾಕ್‌ನಲ್ಲಿ ಇಳಿಸಿಕೊಂಡು, ರಾತ್ರೋರಾತ್ರಿ ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆಯ ಆನ್‌ಲೈನ್ ವಂಚನೆಯ ಕೇಂದ್ರಗಳಿಗೆ ಸಾಗಿಸಿದ ಪ್ರಕರಣಗಳು ಸಾಲುಸಾಲಾಗಿ ವರದಿಯಾಗಿವೆ. ಲಾವೋಸ್, ಕಾಂಬೋಡಿಯಾದಲ್ಲೂ ಇದೇ ದಂಧೆ. ವಿದೇಶಾಂಗ ಸಚಿವಾಲಯ 2022ರಿಂದ ಎಚ್ಚರಿಕೆ ಕೊಡುತ್ತಲೇ ಇದೆ. ಅವರಿಗೆ ಬೇಕಾಗಿರುವುದು ನಾಲ್ಕು ಭಾಷೆಯಲ್ಲಿ ನಯವಾಗಿ ಮಾತಾಡಿ ಅಪರಿಚಿತರ ನಂಬಿಕೆ ಗಳಿಸಬಲ್ಲ ಹುಡುಗರು. ಅಂದರೆ ನಮ್ಮ ಕಸುಬಿನವರೇ. ಪಾಸ್‌ಪೋರ್ಟ್ ಕಸಿದುಕೊಂಡು, ದಿನಕ್ಕೆ ಹದಿನೈದು ಗಂಟೆ ಫೋನಿನಲ್ಲಿ ಕೂರಿಸಿ, ನಮ್ಮವರಿಗೇ ಮೋಸ ಮಾಡಿಸುತ್ತಾರೆ. ಬಿಡಿಸಿಕೊಂಡು ಬಂದವರು ಹೇಳಿರುವುದು ಇದನ್ನೇ.

ಆ ಗುಂಪಿನ ಸ್ಕ್ರೀನ್‌ಶಾಟ್‌ಗಳನ್ನು ಅಳಿಸಬೇಡಿ. ಮಂಗಳೂರಿನ ಸೈಬರ್ ಠಾಣೆಗೆ ಕೊಡಿ. ಆ ಗುಂಪಿನಲ್ಲಿ ನಿಮ್ಮಂಥವರು ಇನ್ನೆಷ್ಟು ಜನರಿದ್ದಾರೋ.

ಪ್ರಶ್ನೆ: ನಾನು ಪ್ರವಾಸೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಮಾಡಿ ಮೈಸೂರಿನಲ್ಲಿ ಫ್ರೆಂಚ್ ಗೈಡ್ ಆಗಿದ್ದೇನೆ. ಡೆಲ್ಫ್ ಬಿ2 ಆಗಿದೆ. ಪ್ಯಾರಿಸ್‌ನಲ್ಲಿ ಗೈಡ್ ಆಗಬಹುದೇ? ಹೆಣ್ಣುಮಗಳು ಒಬ್ಬಳೇ ಹೋಗುವುದು ಬೇಡ ಅಂತ ಮನೆಯಲ್ಲಿ ಅನ್ನುತ್ತಿದ್ದಾರೆ.
– ಮೈಸೂರು

ಉತ್ತರ: ನಿಮಗೆ 24–25 ಇರಬಹುದು ಅಂದುಕೊಂಡು ಬರೆಯುತ್ತೇನೆ, ಏಕೆಂದರೆ ಹೊಸಪೇಟೆಯವರಿಗೆ ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ನಿಮಗೆ ಹೇಳಲಿದ್ದೇನೆ. ಹೋಗಿ. ಆದರೆ ಕೆಲಸಕ್ಕಲ್ಲ, ಓದಲು.

ಫ್ರಾನ್ಸಿನ ಮ್ಯೂಸಿಯಂ, ಸ್ಮಾರಕಗಳಲ್ಲಿ ಕಂಪನಿಗಳ ಪರವಾಗಿ ವಿವರಣೆ ಕೊಡಲು "ಗಿಡ್-ಕಾನ್‌ಫೆರಾನ್ಸಿಯೆ" ವೃತ್ತಿ ಕಾರ್ಡ್ ಬೇಕು. ಅದಕ್ಕೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ನಿಗದಿತ ಕೋರ್ಸ್‌ಗಳಿವೆ. ನಿಮ್ಮ ಮೈಸೂರಿನ ಪದವಿ ಅದಕ್ಕೆ ಸಮವಾಗದು, ಪ್ರವೇಶಕ್ಕೆ ಬುನಾದಿಯಾಗುತ್ತದೆ. ಬಿ2 ಬಾಗಿಲಿನ ತನಕ ಒಯ್ಯುತ್ತದೆ, ತರಗತಿಯಲ್ಲಿ ಕಲಾ ಇತಿಹಾಸದ ಪ್ರಬಂಧ ಬರೆಯಲು ಸಿ1 ಬೇಕಾದೀತು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಆ ಮಟ್ಟದ ಡಾಲ್ಫ್ ಪರೀಕ್ಷೆಗೆ ತಯಾರಿ ಶುರುಮಾಡಿ. ವಿದ್ಯಾರ್ಥಿಯಾಗಿ ಹೋದರೆ ಕಾನೂನುಬದ್ಧವಾಗಿ ಅರೆಕಾಲಿಕ ಕೆಲಸವನ್ನೂ ಮಾಡಬಹುದು.

ಮನೆಯವರ ಮಾತಿಗೆ ಬರುವುದಾದರೆ, ನೀವು ಈಗಾಗಲೇ ಅಪರಿಚಿತ ಫ್ರೆಂಚರನ್ನು ಕಟ್ಟಿಕೊಂಡು ದಿನವಿಡೀ ಶ್ರೀರಂಗಪಟ್ಟಣ, ಸೋಮನಾಥಪುರ ಸುತ್ತುತ್ತಿದ್ದೀರಿ. ಅಪ್ಪ ಅಮ್ಮನನ್ನು ಒಂದು ದಿನ ನಿಮ್ಮ ಟೂರಿಗೆ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಕೂರಿಸಿ. ನೂರು ಸಲ ವಾದ ಮಾಡುವುದಕ್ಕಿಂತ ಅದು ಮೇಲು.

ಪ್ರಶ್ನೆ: ಬೇಲೂರಿನಲ್ಲಿ ಗೈಡ್ ನಾನು. ಬಯೋಡೇಟಾ ಕಳಿಸುತ್ತಿದ್ದೇನೆ, ದಯವಿಟ್ಟು ನೋಡಿ. ಹತ್ತಾರು ವಿದೇಶಿ ಕಂಪನಿಗಳಿಗೆ ಕಳಿಸಿದೆ, ಒಬ್ಬರೂ ಉತ್ತರಿಸಲಿಲ್ಲ.
– ಬೇಲೂರು

ಉತ್ತರ: ನೋಡಿದೆ. ಎರಡು ಪುಟದಲ್ಲಿ ಒಂದೂವರೆ ಪುಟ ಚೆನ್ನಕೇಶವನದ್ದೇ. ದರ್ಪಣಸುಂದರಿ, ನಕ್ಷತ್ರಾಕಾರದ ಜಗತಿ, 2023ರ ಯುನೆಸ್ಕೊ ಪಟ್ಟಿ, ಎಲ್ಲ ಇದೆ. ದೋಹಾದಲ್ಲಿ ಕೂತು ಬಯೋಡೇಟಾ ಓದುವವರಿಗೆ ಬೇಲೂರು ಎಲ್ಲಿದೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ನೀವು ಬರೆದದ್ದು: "ಹೊಯ್ಸಳ ಶಿಲ್ಪಕಲೆಯ ಬಗ್ಗೆ ಆಳವಾದ ಜ್ಞಾನವಿದ್ದು, ಪ್ರವಾಸಿಗರಿಗೆ ಮನಮುಟ್ಟುವಂತೆ ವಿವರಿಸಬಲ್ಲೆ." ಇದನ್ನು ಹೊಡೆದುಹಾಕಿ. ನಿಮ್ಮ ಪತ್ರದ ಕೊನೆಯಲ್ಲಿ, ಬಯೋಡೇಟಾದಲ್ಲಲ್ಲ, ಒಂದು ಘಟನೆ ಬರೆದಿದ್ದೀರಿ: ಹಾಸನದಿಂದ ಬರುವಾಗ ಸ್ಪ್ಯಾನಿಷ್ ಗುಂಪಿನ ಬಸ್ ಕೆಟ್ಟದ್ದು, ನೀವು ಅರ್ಧ ಗಂಟೆಯಲ್ಲಿ ಮೂರು ಟೆಂಪೊ ಟ್ರಾವೆಲರ್ ತರಿಸಿ, ಹಳೇಬೀಡನ್ನು ಮೊದಲಿಗೆ ಹಾಕಿ, ಊಟದ ಹೊತ್ತು ಬದಲಾಯಿಸಿ, ಸಂಜೆ ದೇವಸ್ಥಾನ ಮುಚ್ಚುವ ಮೊದಲೇ ಬೇಲೂರು ತೋರಿಸಿದ್ದು. ಅದೇ ಬಯೋಡೇಟಾ. ಅದನ್ನು ಹೀಗೆ ಹಾಕಿ: "31 ಜನರ ಸ್ಪ್ಯಾನಿಷ್ ಗುಂಪು. ದಾರಿಯಲ್ಲಿ ವಾಹನ ಕೆಟ್ಟಾಗ ಅರ್ಧ ಗಂಟೆಯಲ್ಲಿ ಬದಲಿ ವಾಹನ, ಮಾರ್ಗ ಬದಲಾವಣೆ. ಕಾರ್ಯಕ್ರಮದ ಯಾವ ಭಾಗವೂ ಬಿಟ್ಟುಹೋಗಲಿಲ್ಲ, ಹಣ ವಾಪಸ್ ಕೇಳಿದವರಿಲ್ಲ." ಕೊನೆಯ ಮೂರು ಪದ ಓದಿದಾಗ ಆಪರೇಷನ್ಸ್ ಮ್ಯಾನೇಜರ್ ಕಣ್ಣರಳಿಸುತ್ತಾನೆ.

ಭಾಷೆಗಳ ಮುಂದೆ "ಫ್ಲೂಯೆಂಟ್" ಅಂತ ಬರೆಯಬೇಡಿ. ಬಿ1, ಬಿ2, ಸಿ1 ಎಂದು ಬರೆಯಿರಿ, ಪರೀಕ್ಷೆ ಬರೆದ ವರ್ಷವನ್ನೂ ಹಾಕಿ. ಗೈಡ್ ಗುರುತಿನ ಚೀಟಿಯ ಪ್ರತಿ, ಪ್ರಥಮ ಚಿಕಿತ್ಸೆ ತರಬೇತಿ ಇದ್ದರೆ ಅದು, ನೀವು ಕೆಲಸ ಮಾಡಿದ ವಿದೇಶಿ ಟೂರ್ ಆಪರೇಟರ್‌ಗಳಿಂದ ಎರಡು ಶಿಫಾರಸು ಪತ್ರ. ಪ್ರವಾಸಿಗರು ಬರೆದುಕೊಟ್ಟ ಮೆಚ್ಚುಗೆಯ ಡೈರಿ ಬೇಡ, ಅದು ನಮಗೆ ಅಮೂಲ್ಯ, ಅವರಿಗಲ್ಲ. ಜೊತೆಗೆ ಎರಡು ನಿಮಿಷದ ವಿಡಿಯೊ: ನೀವು ಸ್ಪ್ಯಾನಿಷ್‌ನಲ್ಲಿ, ಬಸ್ಸಿನಲ್ಲಿ, ಮೈಕ್ ಹಿಡಿದು ಮಾತಾಡುತ್ತಿರುವುದು. ಶಿಲ್ಪದ ಮುಂದೆ ಅಲ್ಲ, ಬಸ್ಸಿನಲ್ಲೇ.

ಪದವಿ ಪ್ರಮಾಣಪತ್ರಗಳ ಅಟೆಸ್ಟೇಷನ್ (ಅಸಲಿ ಎಂಬ ಸರ್ಕಾರಿ ದೃಢೀಕರಣ) ಈಗಲೇ ಶುರುಮಾಡಿ. ಯುರೋಪಿನ ಹೆಚ್ಚಿನ ದೇಶಗಳಿಗಾದರೆ ರಾಜ್ಯ ಸರ್ಕಾರದ ದೃಢೀಕರಣದ ಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಬಿದ್ದರೆ ಸಾಕು. ಯುಎಇಗೆ ಅಪಾಸ್ಟಿಲ್ ಬದಲು ರಾಜ್ಯ ಸರ್ಕಾರ, ಸಚಿವಾಲಯ, ಆ ದೇಶದ ದೂತಾವಾಸ ಹೀಗೆ ಒಂದೊಂದೇ ಮುದ್ರೆ ಬೀಳಬೇಕು. ಆಫರ್ ಬಂದ ಮೇಲೆ ಓಡಾಡುವಷ್ಟು ಸಮಯ ಅವರು ಕೊಡುವುದಿಲ್ಲ.

ಪ್ರಶ್ನೆ: ಕ್ರೂಸ್ ಹಡಗಿನಲ್ಲಿ ಗೈಡ್‌ಗಳನ್ನು ತೆಗೆದುಕೊಳ್ಳುತ್ತಾರೆ ಅಂತ ಕೇಳಿದೆ. ನಿಜವೇ? ನನಗೆ ಇಟಾಲಿಯನ್, ಇಂಗ್ಲಿಷ್ ಬರುತ್ತದೆ.
– ಕಾರವಾರ

ಉತ್ತರ: ಬಂದರಿನಲ್ಲಿಳಿದು ಊರು ತೋರಿಸುವವರು ಅಲ್ಲಿನ ಸ್ಥಳೀಯರೇ. ಹಡಗಿನಲ್ಲಿರುವುದು "ಶೋರ್ ಎಕ್ಸ್‌ಕರ್ಷನ್" ವಿಭಾಗ: ಟೂರ್ ಮಾರುವುದು, ಬೆಳಿಗ್ಗೆ ಆರಕ್ಕೆ ನಾನೂರು ಜನರನ್ನು ಬಸ್ ನಂಬರ್ ಪ್ರಕಾರ ಇಳಿಸುವುದು, ಸಂಜೆ ತಡವಾದ ಬಸ್‌ಗಾಗಿ ಕಾಯುವುದು. ಇಟಾಲಿಯನ್ ಬಲ್ಲವರಿಗೆ ಅತಿಥಿಗಳ ಭಾಷಾ ಸಹಾಯಕರಾಗಿಯೂ ಹುದ್ದೆ ಇರುತ್ತದೆ. ಆರರಿಂದ ಒಂಬತ್ತು ತಿಂಗಳ ಒಪ್ಪಂದ, ಊಟ ವಸತಿ ಹಡಗಿನದು. ಕ್ಯಾಬಿನ್ ಇಬ್ಬರಿಗೆ, ಕಿಟಕಿ ಇರುವುದಿಲ್ಲ ಅಂತಲೇ ತಿಳಿದುಕೊಳ್ಳಿ.

ಹಡಗಿನ ಸಿಬ್ಬಂದಿಗೆ ಕಡ್ಡಾಯವಾದ ಎಸ್‌ಟಿಸಿಡಬ್ಲ್ಯು ಸುರಕ್ಷತಾ ತರಬೇತಿ, ಹಡಗು ಕೆಲಸಗಾರರ ಗುರುತು ಮತ್ತು ಸೇವಾ ದಾಖಲೆಯಾದ ಸಿಡಿಸಿ ಪುಸ್ತಕ ಬೇಕಾಗುತ್ತವೆ. ಏಜೆನ್ಸಿಯ ಬಳಿ ಹಡಗು ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ (ಹಡಗು ಸಿಬ್ಬಂದಿ ನೇಮಕಾತಿ) ಪರವಾನಗಿ ಇದೆಯೇ ನೋಡಿ. ಪರವಾನಗಿ ಇರುವವರು ಕೆಲಸ ಕೊಡಿಸಿದ್ದಕ್ಕೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಕಾರವಾರದವರಿಗೆ ಹಡಗಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಸಂಕೋಚ. ನಿಮ್ಮ ಓಣಿಯಲ್ಲೇ ನಾಲ್ವರು ಸಿಗುತ್ತಾರೆ.

ಪ್ರಶ್ನೆ: ಕನ್ನಡ, ಇಂಗ್ಲಿಷ್, ಹಿಂದಿ ಬಿಟ್ಟು ನನಗೆ ಬೇರೆ ಭಾಷೆ ಬಾರದು. ಬಾದಾಮಿ, ಪಟ್ಟದಕಲ್ಲಿನಲ್ಲಿ ಗೈಡ್. ಕನ್ನಡ ನಂಬಿಕೊಂಡು ವಿದೇಶಕ್ಕೆ ಹೋಗಲು ಆಗುತ್ತಾ?
– ಬಾಗಲಕೋಟೆ ಜಿಲ್ಲೆ

ಉತ್ತರ: ಟೂರ್ ಮ್ಯಾನೇಜರ್ ಆಗಿ ಆಗುತ್ತದೆ. ಉತ್ತರ ಕರ್ನಾಟಕದಿಂದ ಸಿಂಗಪುರ, ಮಲೇಷ್ಯಾ, ದುಬೈ, ಬಾಲಿ ಅಂತ ಹೊರಡುವ ಗುಂಪುಗಳಲ್ಲಿ ಡೀಲರ್‌ಗಳು, ನಿವೃತ್ತ ಶಿಕ್ಷಕರು, ಸಹಕಾರಿ ಸಂಘದವರು ಇರುತ್ತಾರೆ. ಇಮಿಗ್ರೇಷನ್ ಕೌಂಟರ್ ಮುಂದೆ ನಿಂತಾಗ ಅವರಿಗೆ ಬೇಕಾದದ್ದು "ಕಾಕಾ, ಇಲ್ಲಿ ಬೆರಳ ಇಡ್ರಿ, ರಿಟರ್ನ್ ಟಿಕೆಟ್ ಕೈಯಾಗ ಹಿಡ್ಕೊಳ್ರಿ" ಅನ್ನುವ ದನಿ. ಮುಂಬಯಿಯಿಂದ ಬಂದ ಹಿಂದಿ ಟೂರ್ ಮ್ಯಾನೇಜರ್‌ಗೆ ಅದು ಸಾಧ್ಯವಿಲ್ಲ. ಎಂಟು ದಿನ ಜೋಳದ ರೊಟ್ಟಿ ಇಲ್ಲದೆ ಕಂಗಾಲಾದ ಹಿರಿಯರನ್ನು ನಗಿಸುವುದೂ ಅವನಿಂದಾಗದು.

ಸಣ್ಣದರಿಂದ ಶುರುಮಾಡಿ. ಹುಬ್ಬಳ್ಳಿ, ಬೆಳಗಾವಿಯ ಟೂರ್ ಕಂಪನಿಗಳ ಕಾಶಿ, ಚಾರ್‌ಧಾಮ್ ಗುಂಪುಗಳಿಗೆ ಮೊದಲು ಹೋಗಿ ಬನ್ನಿ. ವಿದೇಶದ ಗುಂಪು ಕೊಡುವ ಮುಂಚೆ ಅವರು ನೋಡುವುದು ಅದನ್ನೇ. ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಎಷ್ಟು ಅವಧಿ ಉಳಿದಿದೆ ನೋಡಿಕೊಳ್ಳಿ; ಅನೇಕ ದೇಶಗಳು ಕನಿಷ್ಠ ಆರು ತಿಂಗಳು ಕೇಳುತ್ತವೆ. ಬೇಸಿಗೆಯ ಗುಂಪುಗಳಿಗೆ ಜನರನ್ನು ಗೊತ್ತುಮಾಡುವುದು ಡಿಸೆಂಬರ್, ಜನವರಿಯಲ್ಲಿ. ಮಾರ್ಚ್‌ನಲ್ಲಿ ಫೋನ್ ಮಾಡಿದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ಈಗಲೇ ಹೋಗಿ ಭೇಟಿಯಾಗಿ.